ಹೆಸರು ಹೇಳದೆ ಬೆಣೆ ಬಡಿಯದ ಬಡಿಗೇರ

ನನ್ನ ಗಂಡನ ಹೆಸರು ಮೌನಪ್ಪ ಬಡಿಗೇರ. ನೋಡಿ, ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಇದೊಂದು ಮಾತನ್ನು ನನ್ನ ಬಾಯಿಂದ ಹೊರಡಿಸಲು ಆ ಪುಣ್ಯಾತ್ಮ ಮೂವತ್ತು ವರ್ಷ ಹೆಣಗಾಡಿದರು.

ದೇವಾಪುರದಿಂದ ಕೆಂಭಾವಿಯವರೆಗೆ ಯಾರೇ ಮನೆ ಕಟ್ಟಿಸಲಿ, ಬಾಗಿಲ ಚೌಕಟ್ಟು ನಿಲ್ಲಿಸಲು ಇವರೇ ಬೇಕು. ನುಣುಪಾಗಲೆಂದು ರಂದಾ ಹೊಡೆದ ಮೇಲೆ ಕಣ್ಣು ಮುಚ್ಚಿ ಕಟ್ಟಿಗೆಯ ಮೇಲೆ ಅಂಗೈ ಆಡಿಸುವರು. ಎಲ್ಲಾದರೂ ಒರಟು ತಾಗಿತೋ, ಮತ್ತೆ ರಂದಾ. ಕೆಲಸಕ್ಕೆ ಹೆಸರು ಇಡುವಂತಿರಲಿಲ್ಲ, ಇದ್ದದ್ದು ಹಟವೊಂದೇ. ಚೌಕಟ್ಟಿನ ಪೂಜೆಯಾದ ಮೇಲೆ ಆ ಮನೆಯ ಹೆಣ್ಣುಮಗಳು ಪ್ರಾಸ ಕೂಡಿಸಿ, ಒಡಪು ಕಟ್ಟಿ, ಗಂಡನ ಹೆಸರು ಹೇಳಬೇಕು. ಅಲ್ಲಿಯತನಕ ಕೊನೆಯ ಬೆಣೆ ಬಡಿಯುತ್ತಿರಲಿಲ್ಲ.

“ಹೇಳ್ರಿ ಯವ್ವಾ, ನನಗೇನ್ ಅವಸರ ಇಲ್ಲ” ಎಂದು ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಡುವರು. ಹೆಂಗಸರು ಸೆರಗು ಕಚ್ಚಿಕೊಂಡು ನಗುತ್ತ ಹೇಳಿಯೇ ತೀರುತ್ತಿದ್ದರು.

ಇಂಥ ತಂಟೆಗಾರ ಮನೆಯಲ್ಲಿ ಬೆಣ್ಣೆ. ವನದುರ್ಗದಲ್ಲಿ ಕೆಲಸವಿದ್ದರೂ ದೀಪ ಹಚ್ಚುವ ಹೊತ್ತಿಗೆ ನಮ್ಮ ಜೊತೆ ಊಟಕ್ಕೆ ಕೂತಿರಬೇಕು. ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳ ಜಡೆ ತಾವೇ ಹೆಣೆಯಬೇಕು. ಅದೇನು ಹೆಣೆಯುವುದೋ, ಬಾಗಿಲಿಗೆ ಕೀಲು ಕೂಡಿಸಿದ ಹಾಗೆ! ಹುಬ್ಬು ಮೇಲೇರಿ, ಪಾಪ, ಮಕ್ಕಳು ದಿನವಿಡೀ ಶಾಲೆಯಲ್ಲಿ ಬೆರಗಾದ ಮುಖ ಹೊತ್ತು ಕೂರುತ್ತಿದ್ದವು.

“ಅಪ್ಪಾ, ಕಣ್ಣ ಮುಚ್ಚಾಕ ಬರವಲ್ದು” ಎಂದು ದೊಡ್ಡವಳು ಗುರುದೇವಿ ಅತ್ತರೆ, “ಪಾಠ ಕೇಳಾಕ ಕಣ್ಣ ತೆರದಿರಬೇಕವ್ವ” ಎನ್ನುವರು.

ಸುರಪುರದಲ್ಲಿ ನಮ್ಮದೇ ಮನೆ ಎದ್ದಿತು. ಬಾಗಿಲು ಕೂಡಿಸಿ ಹೊಸ್ತಿಲ ಮೇಲೆ ಕೂತರು. ನನಗೂ ಅದೇ ಶಿಕ್ಷೆ. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮಜ್ಜಿ ಸಣ್ಣಂದಿನಿಂದ ತಲೆಯಲ್ಲಿ ತುಂಬಿದ್ದಳು. ನಾನು ಬಾಯಿ ಬಿಡಲಿಲ್ಲ.

“ಒಮ್ಮೆ ಅನ್ನು ಕಾಳಮ್ಮ. ಆಯುಷ್ಯ ನಂದು, ನಿನಗ್ಯಾಕ ಚಿಂತಿ?”

“ತಾಳಿ ನಂದಲ್ಲೇನ್ರಿ?”

ಅತ್ತೆಗೆ ರೇಗಿತು. “ಇವರಿಬ್ಬರ ಚೆಲ್ಲಾಟದಾಗ ಹೋಳಿಗಿ ಆರಾಕತ್ತಾವ” ಎಂದು ನನ್ನ ರಟ್ಟೆ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಎಳೆದುಕೊಂಡು ಹೋದರು. ಬಡಿಗೇರನ ಹೆಂಡತಿಯ ಗೃಹಪ್ರವೇಶ ಹೀಗಾಯಿತು ನೋಡಿ.

ಎರಡು ವರ್ಷದ ಹಿಂದೆ ಶಹಾಪುರದಲ್ಲಿ ತೊಲೆ ಏರಿಸುವಾಗ ಇವರು ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಯಾದಗಿರಿಯ ಆಸ್ಪತ್ರೆಗೆ ಒಯ್ದೆವು. ಎಚ್ಚರವೇ ಇಲ್ಲ.

“ಹೆಸರ ಹಿಡದು ಕರೀರಿ, ಗುರುತಿನ ದನಿ ಕೇಳಿದರ ಕಣ್ಣ ತೆರೀಬಹುದು” ಎಂದಳು ನರ್ಸ್.

“ಏನ್ರಿ” ಎಂದೆ. “ಇಲ್ಲಿ ನೋಡ್ರಿ” ಎಂದೆ. “ಗುರುದೇವಿ ಅಪ್ಪಾರ” ಎಂದೆ. ಮಿಸುಕಲಿಲ್ಲ. ಹೇಳಿದರೆ ಆಯುಷ್ಯ ಹೋದೀತು, ಹೇಳದಿದ್ದರೆ ಮನುಷ್ಯನೇ ಹೋಗುತ್ತಾನೆ. ಅಜ್ಜಿಯನ್ನು ಮನಸ್ಸಿನಲ್ಲೇ ಬೈದು, “ಮೌನಪ್ಪಾ!” ಎಂದು ಚೀರಿದೆ. ವಾರ್ಡಿನ ಮಂದಿಯೆಲ್ಲ ತಿರುಗಿ ನೋಡಿದರು.

ರೆಪ್ಪೆ ಅಲುಗಿತು. ತುಟಿ ಅಲುಗಿತು.

“ಒಡಪು ಎಲ್ಲದ?”

ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಕೇಳಬೇಕೇ, ದಿನಾ ಅದೇ ಹೆಸರು. “ಮೌನಪ್ಪಾ, ರೊಟ್ಟಿ ಆರಾಕತ್ತಾವ!” ಎಂದು ಕರೆದರೆ ಕೇಳದವರಂತೆ ಕಟ್ಟೆಯ ಮೇಲೆ ಕೂತಿರುವರು. ಎರಡನೆಯ ಸಲ ಕರೆಸಿಕೊಂಡೇ “ಓ” ಎನ್ನುವರು. ಕಳ್ಳ!

ಈ ಶ್ರಾವಣದ ಒಂದು ಮುಂಜಾನೆ ಚಹಾ ಸೋಸುತ್ತ ಒಳಗಿನಿಂದ ಕರೆದೆ. ಸುಮ್ಮನಿದ್ದರು. ನನಗೆ ನಗು ಬಂತು. ಇನ್ನೊಮ್ಮೆ ಕರೆದೆ. ಆಮೇಲೆ ಚಹಾ ಹಿಡಿದು ಕಟ್ಟೆಗೆ ಬಂದವಳು, ಗೋಡೆಗೊರಗಿ ಕೂತವರ ತಣ್ಣಗಾದ ಕೈ ಮುಟ್ಟಿ, ಓಣಿಯೆಲ್ಲ ಕೇಳುವಂತೆ ಮತ್ತೊಮ್ಮೆ ಕರೆದೆ.