ಚಹಾ ಎಂಬತ್ತು, ಹೆಚ್ಚುಕಡಿಮೆ ಹತ್ತು

ನಮ್ಮ ಕಂಪನಿಯ ಮೊದಲ ಲೆಕ್ಕದ ಪುಸ್ತಕದ ರಟ್ಟು ಕೆಂಪು ಎಂದು ನನ್ನ ನೆನಪು. ಕಪಾಟಿನಲ್ಲಿರುವುದು ನೀಲಿ. ಪುಸ್ತಕ ತಾನಾಗಿ ಬಣ್ಣ ಬದಲಿಸಿರಲಾರದು, ಆದ್ದರಿಂದ ಮುಂದೆ ನಾನು ಹೇಳುವುದನ್ನು ಓದುಗರು ಸ್ವಲ್ಪ ಸೋಸಿಕೊಂಡು ತೆಗೆದುಕೊಳ್ಳಬೇಕು. ಒಳಗಿನ ಬರಹ ಮಾತ್ರ ಅರ್ಧದಷ್ಟು ನನ್ನದೇ. ಅದನ್ನು ಅಲ್ಲಗಳೆಯಲು ಸಾಕಷ್ಟು ಪ್ರಯತ್ನಪಟ್ಟಿದ್ದೇನೆ.

ಕಂಪನಿ ಎಂದರೆ ಇಬ್ಬರು. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ನಾಶಿಕದ ಬಳಿಯ ಓಝರ್ ಕಾರ್ಖಾನೆಯ ಅಳತೆ ವಿಭಾಗದಲ್ಲಿ ಹದಿನೆಂಟು ವರ್ಷ ಕೂತು, ಇನ್ನು ಕೂರಲಾರೆ ಎಂದು ಎದ್ದುಬಂದವನು. ಪಾಲುದಾರ ಅದೇ ವಿಭಾಗದಿಂದ ನನ್ನ ಜೊತೆಗೇ ಎದ್ದುಬಂದ ತಂತ್ರಜ್ಞ, ಜಮಖಂಡಿ ಕಡೆಯವನು. ಬಾಯ್ಲರು, ಕಂಪ್ರೆಸರುಗಳ ಮೇಲೆ ಗಡಿಯಾರದ ಹಾಗೆ ಕೂತಿರುವ ಒತ್ತಡದ ಗೇಜುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸಿ, ಸರಿಪಡಿಸಿ, ಒಂದು ಸರ್ಟಿಫಿಕೇಟು ಕೊಡುವುದು ನಮ್ಮ ಸೇವೆ. ನಾಶಿಕದ ಗಿರಾಕಿಗಳು ನನ್ನ ಪಾಲಿಗೆ. ಕೆಲಸ ಬಿಟ್ಟಮೇಲೆ ಸಂಭಾಜಿನಗರದಲ್ಲಿ, ಅಂದರೆ ಹಿಂದಿನ ಔರಂಗಾಬಾದಿನಲ್ಲಿ, ಮನೆ ಮಾಡಿದ್ದ ಅವನಿಗೆ ಊರಾಚೆಯ ಶೇಂದ್ರಾದ ಸಣ್ಣ ಶೆಡ್ಡುಗಳೂ ಸಿಲ್ಲೋಡಿನ ಹತ್ತಿ ಗಿರಣಿಗಳೂ.

ಸಲಕರಣೆ ಇದ್ದದ್ದು ಒಂದೇ ಪೆಟ್ಟಿಗೆ. ವಾರಕ್ಕೊಮ್ಮೆ ಇಬ್ಬರೂ ನಡುವಿನ ಯೇವಲಾ ಬಸ್ ನಿಲ್ದಾಣಕ್ಕೆ ಬಂದು, ಅದನ್ನು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುತ್ತಿದ್ದೆವು. ಬಂದ ರೊಕ್ಕವೂ ಲೆಕ್ಕದ ಪುಸ್ತಕವೂ ಅದೇ ಪೆಟ್ಟಿಗೆಯೊಳಗೆ, ಒಂದು ಬಿಸ್ಕಿಟ್ ಡಬ್ಬಿಯ ಜೊತೆ ಪ್ರಯಾಣ ಮಾಡುತ್ತಿದ್ದವು.

ಅಳತೆಯವರಿಗೆ ಒಂದು ರೋಗವಿದೆ. ಯಾವ ಅಂಕಿಯನ್ನೂ ನಾವು ಒಂಟಿಯಾಗಿ ಬಿಡುವುದಿಲ್ಲ. ಪಕ್ಕದಲ್ಲಿ ಅದು ಎಷ್ಟು ತಪ್ಪಿರಬಹುದು ಎಂದೂ ಬರೆಯುತ್ತೇವೆ. ಗೇಜಿಗೆ ಅದು ಪ್ರಾಮಾಣಿಕತೆ. ನಾವಿಬ್ಬರೂ ಅದನ್ನೇ ಚಹಾಕ್ಕೂ ಬಸ್ ಚಾರ್ಜಿಗೂ ಅನ್ವಯಿಸಿದೆವು. ಅಧಿಕ ಚಿಹ್ನೆ, ಅದರ ಕೆಳಗೆ ವಜಾ ಚಿಹ್ನೆ, ಮುಂದೆ ಹತ್ತೋ ಇಪ್ಪತ್ತೋ. ಪುಸ್ತಕ ನೋಡಲು ಬಹಳ ವೈಜ್ಞಾನಿಕವಾಗಿತ್ತು.

ಮೂರು ತಿಂಗಳಾದ ಮೇಲೆ ಕೂಡಿಸಿ ಕಳೆದು ನೋಡಿದೆ. ಡಬ್ಬಿಯಲ್ಲಿ ಇರಬೇಕಾದದ್ದಕ್ಕಿಂತ ನಾಲ್ಕು ಸಾವಿರದ ಇನ್ನೂರು ರೂಪಾಯಿ ಕಡಿಮೆ ಇತ್ತು. ಪಾಲುದಾರನಿಗೆ ಫೋನ್ ಮಾಡಿದೆ.

"ಕಡೀಕ ಪೆಟ್ಟಿಗಿ ನನಗ ಕೊಟ್ಟಾಗ ಡಬ್ಬಿಯೊಳಗ ಎಷ್ಟಿತ್ತು?"

"ಏಳು ಸಾವಿರದ ಮ್ಯಾಲ ಇತ್ತರಿ ಸರ."

ಹವೆ, ಮಕ್ಕಳು, ಗಿರಾಕಿಗಳು ಎಂದು ಒಂದಿಷ್ಟು ಮಾತಾಡಿ ಮತ್ತೆ ಕೇಳಿದೆ. "ಅಂದ್ರ, ಯೇವಲಾಕ್ಕ ಹೊಂಡೂ ಮುಂದ ನಿನ್ನ ಕೈಯಾಗ ಎಷ್ಟಿತ್ತು?"

"ಅದ, ಏಳು."

ಫೋನ್ ಇಡುವ ಮೊದಲು ಮೂರನೆಯ ಸಲ, ಇನ್ನೊಂದು ಕಡೆಯಿಂದ ಕೇಳಿದೆ. ಅವನೆಂದ:

"ಸರ, ಗೇಜಿಗೆ ಮೂರು ಸಲ ಕೇಳ್ರಿ. ಮನಶ್ಯಾಗ ಒಮ್ಮೆ ಕೇಳ್ರಿ."

ನಮ್ಮ ವಿಭಾಗದಲ್ಲಿ ಯಾವ ಅಳತೆಯನ್ನಾದರೂ ಮೂರು ಸಲ ತೆಗೆದು ಸರಾಸರಿ ಹಿಡಿಯುವುದು ಪದ್ಧತಿ. ಅದನ್ನು ನನಗೆ ಕಲಿಸಿದ್ದೇ ಅವನು. ನನಗೆ ಅವನ ಮೇಲೆ ಸಂಶಯವಿರಲಿಲ್ಲ, ಉತ್ತರದ ಮೇಲಿತ್ತು. ಈ ಸೂಕ್ಷ್ಮ ಫೋನಿನಲ್ಲಿ ದಾಟಲಿಲ್ಲ.

"ಶೇಂದ್ರಾದಾಗ ಒಂದು ಫ್ಯಾಕ್ಟರಿಯವ್ರು ಕರಿಯಾಕ ಹತ್ಯಾರ," ಎಂದ. "ಒಂದನೇ ತಾರೀಖಿಗೆ ಸೇರ್ತೀನಿ. ಅಲ್ಲಿ ಪಗಾರ ಎಣಿಸ್ಕೊಂಡ್ರ ಮುಗೀತು, ಡಬ್ಬಿ ಎಣಿಸೂದಿರೂದಿಲ್ಲ."

ಅವನು ಹೋದರೆ ಕಂಪನಿ ಅರ್ಧ ಉಳಿಯುತ್ತದೆ ಎಂದುಕೊಳ್ಳಬೇಡಿ. ಗೇಜನ್ನು ಅನುಮಾನಿಸುವುದಷ್ಟೇ ನನಗೆ ಬರುತ್ತದೆ, ರಿಪೇರಿ ಬರುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಹದಿನೆಂಟು ವರ್ಷ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚಿದವನು ನನ್ನನ್ನು 'ಕಳ್ಳ ಅಂದವನು' ಎಂದು ನೆನೆಯುವುದು ನನಗೆ ಬೇಡವಾಗಿತ್ತು. ಮರುದಿನ ಬೆಳಗಿನ ಬಸ್ಸಿಗೇ ಪುಸ್ತಕ ಹಿಡಿದು ಸಂಭಾಜಿನಗರಕ್ಕೆ ಹೊರಟೆ.

ಬಾಗಿಲು ತೆಗೆದವರು ಅವನ ಹೆಂಡತಿ. ಓಣಿಯ ಹೆಂಗಸರು ತಿಂಗಳಿಗಿಷ್ಟು ಕೂಡಿಸಿ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಳ್ಳುವ ಬಚತ್ ಗಟದ ಲೆಕ್ಕ ಬರೆಯುವವರು ಆಕೆಯೇ.

"ಬರ್ರಿ ಅಣ್ಣಾರ. ಅವರು ಮ್ಯಾಲ ನೀರಿನ ಟಾಕಿ ತೊಳ್ಯಾಕ ಹತ್ಯಾರ. ಸಿಟ್ಟು ಬಂದ್ರ ಟಾಕಿ ತೊಳೀತಾರ. ಪುಸ್ತಕ ತಂದೀರಿಲ್ಲೋ?"

ಕೊಡಲು ಹೋದೆ. ಆಕೆ ಮುಟ್ಟಲಿಲ್ಲ.

"ನೀವ ಓದ್ರಿ, ಜೋರಾಗಿ. ನಮ್ಮ ಗಟದಾಗ ತಿಂಗಳಾ ಹಂಗ. ಬರದಾವ್ರು ಓದಬೇಕು, ಉಳಿದಾವ್ರು ಕೇಳಬೇಕು. ಒಂದು ರೂಪಾಯಿ ಹೊಂದಲಿಲ್ಲಂದ್ರ ಯಾರೂ ಮನಿಗೆ ಹೋಗಂಗಿಲ್ಲ."

ಮೊದಲ ಪುಟ ತೆರೆದು ಓದಿದೆ. "ಚಹಾ ಎಂಬತ್ತು, ಹೆಚ್ಚುಕಡಿಮೆ ಹತ್ತು."

"ಹೆಚ್ಚೋ, ಕಡಿಮಿಯೋ?"

"ಎರಡೂ ಆಗಿರಬಹುದು."

"ಚಹಾದಾವ ಯಾವತ್ತರ ನಿಮಗ ಮ್ಯಾಲ ಹತ್ತು ರೂಪಾಯಿ ಕೊಟ್ಟು ಕಳ್ಸ್ಯಾನೇನ್ರಿ?"

ಅಳತೆಯ ತಪ್ಪುಗಳು ಎರಡೂ ದಿಕ್ಕಿಗೆ ಆಗುತ್ತವೆ, ಕೊನೆಗೆ ಒಂದನ್ನೊಂದು ನುಂಗಿಹಾಕುತ್ತವೆ ಎಂದು ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದೆ. ಜೇಬಿನ ತಪ್ಪುಗಳು ಒಂದೇ ದಿಕ್ಕಿಗೆ ನಡೆಯುತ್ತವೆ ಎಂಬುದನ್ನು ಆಕೆಯ ಅಡುಗೆಮನೆಯ ಹೊಸ್ತಿಲಲ್ಲಿ ಕಲಿತೆ.

ಓದುತ್ತ ಹೋದಂತೆ ಒಂದೊಂದೇ ಹೊರಬಿತ್ತು. ಸಿಲ್ಲೋಡಿನ ಗಿರಣಿಯ ಸಾವಿರದೆಂಟುನೂರು 'ಡಬ್ಬಿಗೆ ಜಮಾ' ಎಂದಿತ್ತು. ಅದು ಬಂದದ್ದು ಫೋನಿನ ಮೂಲಕ ನನ್ನ ಸ್ವಂತ ಖಾತೆಗೆ. ಫೋನಿನಲ್ಲಿ ಖಾತೆ ತೆರೆದು ತೋರಿಸಿದೆ, ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಒಂದು ಮಂಗಳವಾರ ಮನೆಗೆ ಗ್ಯಾಸ್ ಸಿಲಿಂಡರ್ ಬಂದಾಗ ಡಬ್ಬಿಯಿಂದ ತೆಗೆದುಕೊಟ್ಟ ಒಂಬೈನೂರಾ ಇಪ್ಪತ್ತನ್ನು ನಾನು ಬರೆದೇ ಇರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಒದ್ದೆ ಕಾಲುಗಳು ಕಂಡವು. ಒದ್ದೆ ಕಾಲುಗಳ ಒಡೆಯ ಕೆಳಗಿಳಿಯದೆ ಅಲ್ಲಿಂದಲೇ ಹೇಳಿದ:

"ಗಿರಾಕಿ ಮಗಳ ಮದವ್ಯಾಗ ಐದುನೂರು ಆಹೇರಿ ಮಾಡೀನಿ. ಅದೂ ಡಬ್ಬಿದ. ಧಂದಾದ ಖರ್ಚು ಅಂತ ಬರೀಲಿಲ್ಲ."

"ಖರ್ಚಿದ್ರ ಬರೀಬೇಕು, ಬರೀಲಿಲ್ಲ ಅಂತೀರಲ್ಲ!" ಎಂದು ಆಕೆ ಅವನ ಕಡೆ ತಿರುಗದೆಯೇ ಹೇಳಿದರು. "ಇಬ್ಬರೂ ಕೇಳ್ರಿ. ಧಂದಾ ಬ್ಯಾರೆ, ನೀವು ಬ್ಯಾರೆ. ಅದರ ರೊಕ್ಕ ಮನಿಗೆ ತಂದ್ರ 'ನಾ ತಗೊಂಡೆ' ಅಂತ ಹೆಸರು ಹಾಕಿ ಬರೀರಿ. ಅದೇನು ಕಳವಲ್ಲ. ಬರೀದ ಬಿಟ್ರ ಜಗಳ."

ಎಲ್ಲ ಕಳೆದು ಒಂಬೈನೂರಾ ಎಂಬತ್ತು ಉಳಿಯಿತು. ಅದಕ್ಕೆ ಚೀಟಿಯಿಲ್ಲ, ನೆನಪೂ ಇಲ್ಲ.

"ನನ್ನ ಹೆಸರಿಗೆ ಬರೀತೀನಿ," ಎಂದೆ.

"ಬ್ಯಾಡ್ರಿ ಸರ, ನನ್ನ ಹೆಸರಿಗೆ ಬರೀರಿ," ಎಂದಿತು ಮೆಟ್ಟಿಲು. "ಡಬ್ಬಿ ಬಾಳ ದಿನ ನನ್ನ ಕೈಯಾಗಿತ್ತು."

"ನನ್ನ ಕೈಯಾಗಿತ್ತು!" ಎಂದು ನಾನು ದನಿ ಎತ್ತಿದೆ. ಯಾವ ದಿನ ಎಲ್ಲಿತ್ತು ಎಂಬುದರ ಸುಳಿವೂ ನನಗಿರಲಿಲ್ಲ. ಆದರೆ ಜೀವಮಾನದಲ್ಲಿ ಯಾವ ವಿಷಯದಲ್ಲೂ ನಾನು ಅಷ್ಟು ಖಚಿತವಾಗಿ ಮಾತಾಡಿಲ್ಲ.

"ಮೂರು ತಿಂಗಳ ಯಾರೂ ತಗೊಂಡಿದ್ದಿಲ್ಲ, ಈಗ ನೋಡಿದ್ರ ಇಬ್ಬರೂ ತಗೊಂಡೀರಿ," ಎಂದು ಆಕೆ ನಕ್ಕರು. "ನಮ್ಮ ಗಟದ ಪುಸ್ತಕದಾಗ ಇಂಥಾದ್ದಕ್ಕ ಒಂದು ಸಾಲು ಐತಿ. 'ತಿಳಿದಿಲ್ಲ' ಅಂತ ಬರೀರಿ. ಮುಂದ ಒಂಬೈನೂರಾ ಎಂಬತ್ತು, ಅದಕ್ಕ ಹೆಚ್ಚೂ ಇಲ್ಲ ಕಡಿಮೀನೂ ಇಲ್ಲ. ಕೆಳಗ ಇಬ್ಬರೂ ಸಹಿ ಮಾಡ್ರಿ."

ಇಷ್ಟು ವರ್ಷ ಎಲ್ಲವನ್ನೂ ಶಂಕಿಸಿದವನಿಗೆ, ತಿಳಿಯದ್ದನ್ನು ಹೀಗೆ ಬರೆದು ಮುಗಿಸಬಹುದು ಎಂದು ಯಾರೂ ಹೇಳಿರಲಿಲ್ಲ. ಸಹಿ ಮಾಡಿದೆ. ಅವನೂ ಇಳಿದುಬಂದು, ಪುಟದ ಮೇಲೆ ನೀರು ತೊಟ್ಟಿಕ್ಕಿಸುತ್ತ ಸಹಿ ಮಾಡಿದ. ಊಟಕ್ಕೆ ರೊಟ್ಟಿ, ಝುಣಕ. ಶೇಂದ್ರಾದ ಮಾತನ್ನು ಯಾರೂ ಎತ್ತಲಿಲ್ಲ.

ಅವನು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದೆ: "ಹಂಗ ಮೂರು ಸಲ ಕೇಳಬಾರದಿತ್ತು. ತಪ್ಪಾತು." ಅವನು ಬಸ್ಸಿನ ಫಲಕ ಓದುತ್ತಿದ್ದ. ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ.

"ಒಮ್ಮೆ ಹೇಳಿದ್ರ ಸಾಕರಿ ಸರ," ಎಂದ. ಬರುತ್ತೇನೆ ಎಂದೂ ಅನ್ನಲಿಲ್ಲ, ಹೋಗುತ್ತೇನೆ ಎಂದೂ ಅನ್ನಲಿಲ್ಲ. ಬಸ್ಸು ದೌಲತಾಬಾದ್ ದಾಟುವಷ್ಟರಲ್ಲಿ ನಾನು ಆ ನಾಲ್ಕು ಶಬ್ದಗಳನ್ನು ಹತ್ತು ರೀತಿಯಲ್ಲಿ ಅರ್ಥಮಾಡಿಕೊಂಡಿದ್ದೆ.

ಒಂದನೇ ತಾರೀಖು ಬೆಳಿಗ್ಗೆ ಫೋನಿಗೆ ಒಂದು ಚೀಟಿಯ ಫೋಟೊ ಬಂತು. ಅವನ ಅಕ್ಷರ: 'ಶೇಂದ್ರಾಕ್ಕ ಹೋಗಿ ನೌಕರಿ ಬ್ಯಾಡ ಅಂತ ಹೇಳಿ ಬಂದದ್ದು. ರಿಕ್ಷಾ, ನೂರಾ ಇಪ್ಪತ್ತು.' ಮುಂದೆ ಯಾವ ಚಿಹ್ನೆಯೂ ಇರಲಿಲ್ಲ. ನಾನು ಕೂಡಲೇ, ಬಹಳ ಉದಾರವಾಗಿ, ಕಂಪನಿಯ ಖರ್ಚು ಎಂದು ಬರೆದುಕೊಂಡು ಆ ಪುಟದ ಫೋಟೊ ಕಳಿಸಿದೆ.

ಹತ್ತು ನಿಮಿಷಕ್ಕೆ ಆಕೆಯ ಫೋನು.

"ಅದನ್ನ ತಗೀರಿ ಅಣ್ಣಾರ. ನೌಕರಿ ಬ್ಯಾಡನ್ನೂದು ಧಂದಾದ ಕೆಲಸ ಅಲ್ಲ. ಅವರ ಹೆಸರಿಗೆ ಹಾಕ್ರಿ."

ಗೆರೆ ಹೊಡೆದು, ಕೆಳಗೆ ಅವನ ಹೆಸರಿಗೆ ಬರೆಯುತ್ತಿರುವಾಗ, ಆಕೆಯ ಹಿಂದಿನಿಂದ ಅವನ ದನಿ ಕೇಳಿಸಿತು.

"ಮೊದಲ ಹೇಳಿದ್ರ ನಡಕೊಂತ ಹೋಗ್ತಿದ್ದೆನಲ್ಲ!"