ದೇವಮೂಲೆಯ ಬಾವಿ

ನಮ್ಮ ಬೀದಿಯಲ್ಲಿ ಯಾರೂ ತಪ್ಪು ಮಾಡಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಒಬ್ಬನಾದರೂ ಕಳ್ಳನೋ ಒಬ್ಬಳಾದರೂ ಕೆಟ್ಟವಳೋ ಇದ್ದಿದ್ದರೆ ಅವರ ಮನೆ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದು, ಒಳಗೆ ಬಂದು ಕಾಫಿ ಕುಡಿದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬೈಯುವುದು ನನಗೆ ಚೆನ್ನಾಗಿ ಬರುತ್ತದೆ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ನನ್ನ ದನಿ ಆಟದ ಮೈದಾನದ ಆ ತುದಿಗೂ ಕೇಳುತ್ತಿತ್ತು. ಬೈಯುವುದಕ್ಕೆ ಜನ ಸಿಗಲಿಲ್ಲ, ಅಷ್ಟೆ.

ತುಮಕೂರಿನಲ್ಲಿ ನಾವು ಮನೆ ಕಟ್ಟಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಊರ ಅಂಚಿನ ಹೊಸ ಬಡಾವಣೆ, ಇಳಿಜಾರಿನ ಕೆಳಗೆ ಒಂದು ಕೆರೆ. ಬೀದಿ ಪೂರ್ವ ಪಶ್ಚಿಮವಾಗಿ ಓಡುತ್ತಿತ್ತು, ನಮ್ಮ ಸಾಲಿನ ಮನೆಗಳೆಲ್ಲ ಉತ್ತರಕ್ಕೆ ಮುಖ. ನಲ್ಲಿ ನೀರು ದೂರದ ಮಾತು, ಒಳಚರಂಡಿಯಂತೂ ಕೇಳಲೇಬೇಡಿ. ಕೆರೆ ಹತ್ತಿರವಿದ್ದುದರಿಂದ ನೆಲ ತೋಡಿದರೆ ಬೇಗ ನೀರು ಸಿಗುತ್ತಿತ್ತು. ಹಾಗಾಗಿ ಪ್ರತಿ ಮನೆಗೂ ಮುಂದೆ ಒಂದು ಬಾವಿ, ಪ್ರತಿ ಮನೆಗೂ ಪಾಯಖಾನೆಯ ಒಂದು ಪಿಟ್ಟು.

ಬಾವಿ ತೋಡಿಸಿದ್ದು ನನ್ನ ಅತ್ತೆಗಾಗಿ. ಅವರು ಕುಣಿಗಲ್ ಕಡೆಯವರು, ಮಾರ್ಕೋನಹಳ್ಳಿ ಕಾಲುವೆಯ ಕೆಳಗಿನ ಹಳ್ಳಿಯಲ್ಲಿ ಬಾಳಿದವರು. ಬಾವಿ ಇಲ್ಲದ ಮನೆಗೆ ನಾನು ಬರುವುದಿಲ್ಲ ಎಂದು ಮೊದಲೇ ಖಂಡಿತವಾಗಿ ಹೇಳಿಬಿಟ್ಟಿದ್ದರು. ನೀರಿನ ವಿಷಯದಲ್ಲಿ ಅವರ ನಾಲಿಗೆಗೆ ಯಾರೂ ಮೋಸ ಮಾಡುವ ಹಾಗಿರಲಿಲ್ಲ. ಎಲ್ಲಿ ಹೋದರೂ ಮೊದಲ ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ನುಂಗಿ, ತೀರ್ಪು ಕೊಡುತ್ತಿದ್ದರು. ಹೆಬ್ಬೂರಿನ ನೆಂಟರ ಮನೆಗೆ ಹೋದಾಗ ಹಬ್ಬದ ಊಟಕ್ಕೆ ಕೂತು, ಇದು ಬೋರಿನ ನೀರು ಎಂದು ಮುಖ ಸಿಂಡರಿಸಿದ್ದು ಆ ಮನೆಯವರು ವರ್ಷಗಟ್ಟಲೆ ಆಡಿಕೊಳ್ಳುವ ಮಾತಾಗಿತ್ತು. ನಮ್ಮ ಬಾವಿಯ ಮೊದಲ ನೀರನ್ನು ಬಾಯಲ್ಲಿಟ್ಟುಕೊಂಡು ನುಂಗಿ, ಇನ್ನೊಂದು ಲೋಟ ಕೊಡು ಎಂದರು. ನನ್ನ ಗಂಡನ ಮುಖ ಅವತ್ತು ನೋಡಬೇಕಿತ್ತು.

ಬಾವಿ ಎಲ್ಲಿರಬೇಕು, ಪಿಟ್ಟು ಎಲ್ಲಿರಬೇಕು ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳುವ ವಿಷಯವೂ ಅಲ್ಲ ಅದು. ಬಾವಿ ದೇವಮೂಲೆಯಲ್ಲಿ, ಅಂದರೆ ಈಶಾನ್ಯದಲ್ಲಿ. ಪಿಟ್ಟು ವಾಯುವ್ಯದಲ್ಲಿ. ಮೇಸ್ತ್ರಿ ಸೀಮೆಸುಣ್ಣದ ಪುಡಿಯಲ್ಲಿ ಎರಡು ಗುಂಡು ಗೆರೆ ಎಳೆದ, ಪುರೋಹಿತರು ನೋಡಿ ತಲೆಯಾಡಿಸಿದರು, ಪ್ಲಾನಿನ ಹಾಳೆಯಲ್ಲೂ ಹಾಗೇ ಬಂತು. ಎರಡರ ಮಧ್ಯೆ ಸೈಟಿನ ಇಡೀ ಅಗಲ ಇತ್ತು. ಪ್ಲಾನು ಒಂದು ತಕರಾರಿಲ್ಲದೆ ಪಾಸಾಯಿತು.

ಮನೆಗಳು ಒಂದೊಂದಾಗಿ ಎದ್ದವು. ಒಂದು ಮಳೆಗಾಲ ಕಳೆದ ಮೇಲೆ ಅತ್ತೆಗೆ ಜಾಂಡೀಸ್ ಆಯಿತು. ಕಣ್ಣೆಲ್ಲ ಅರಿಶಿನ. ಊರಿನ ಬೇರು, ಆಸ್ಪತ್ರೆಯ ಔಷಧಿ ಎರಡೂ ಕೊಟ್ಟು ಅಂತೂ ಉಳಿಸಿಕೊಂಡೆವು. ಡಾಕ್ಟರು ನೀರು ಎಲ್ಲಿಯದು ಎಂದು ಕೇಳಿದಾಗ ನಾನು ಜಂಬದಿಂದ ನಮ್ಮದೇ ಬಾವಿ ಎಂದೆ. ಕುದಿಸಿ ಕುಡಿಯಿರಿ ಎಂದರು. ಅತ್ತೆ ಕುದಿಸಿದ ನೀರನ್ನು ಮುಟ್ಟುತ್ತಿರಲಿಲ್ಲ. ಆಗ ಶಾಲೆಗಳಿಗೆ ನೀರು ಪರೀಕ್ಷೆಯ ಸಣ್ಣ ಬಾಟಲಿಗಳು ಬರುತ್ತಿದ್ದವು. ನೀರು ತುಂಬಿ ಇಟ್ಟರೆ, ಅದರಲ್ಲಿ ಹೊಲಸು ಬೆರೆತಿದ್ದರೆ ಬಾಟಲಿ ಕಪ್ಪಾಗುತ್ತದೆ. ನಮ್ಮ ಬಾವಿಯ ನೀರು ತುಂಬಿಟ್ಟೆ. ಮಾರನೆಯ ದಿನ ಸ್ಕೂಲಿಂದ ಬಂದು ನೋಡಿದರೆ ಕಾಡಿಗೆಯಷ್ಟು ಕಪ್ಪು.

ಕಾರಣ ಗೊತ್ತಾದದ್ದು ತಾರಸಿಯ ಮೇಲೆ, ರಾಗಿ ಒಣಹಾಕುವಾಗ. ಸೊಂಟ ನೇರ ಮಾಡಿಕೊಂಡು ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದೆ. ನಮ್ಮ ದೇವಮೂಲೆಯಲ್ಲಿ ಬಾವಿ. ಅದರ ಪಕ್ಕ ಒಂದು ಕಾಂಪೌಂಡು ಗೋಡೆ. ಗೋಡೆಯ ಆಚೆ ಪಕ್ಕದ ಮನೆಯ ವಾಯುವ್ಯ, ಅವರ ಪಿಟ್ಟು. ಅವರ ದೇವಮೂಲೆಯಲ್ಲಿ ಅವರ ಬಾವಿ, ಗೋಡೆಯ ಆಚೆ ಅದಕ್ಕೆ ಮುಂದಿನವರ ಪಿಟ್ಟು. ಬೀದಿಯ ಕೊನೆಯವರೆಗೂ ಹಾಗೇ. ಒಬ್ಬೊಬ್ಬರೂ ಶಾಸ್ತ್ರ ಬಿಡದೆ, ಪ್ಲಾನು ಮೀರದೆ, ಪಕ್ಕದವರ ಬಾವಿಗೆ ಒರಗಿಸಿ ಪಿಟ್ಟು ತೋಡಿದ್ದೆವು. ಈ ಕಡೆ ತಿರುಗಿ ನೋಡಿದೆ. ನಮ್ಮ ಪಿಟ್ಟು ಪಶ್ಚಿಮದ ಮನೆಯವರ ಬಾವಿಗೆ ಅಂಟಿಕೊಂಡೇ ಇತ್ತು. ಅಲ್ಲೇ ರಾಗಿಯ ಪಕ್ಕ ಕೂತುಬಿಟ್ಟೆ.

ಪೂರ್ವದ ಮನೆಯವರು ಕೋರ್ಟಿನಲ್ಲಿ ಕೆಲಸ ಮಾಡಿ ರಿಟೈರಾದವರು, ಬಹಳ ಒಳ್ಳೆಯ ಮನುಷ್ಯ. ವಿಷಯ ಹೇಳಿದೊಡನೆ ತಮ್ಮ ಮನೆಯ ಪ್ಲಾನನ್ನೇ ತಂದು ನನ್ನ ಕೈಗೆ ಕೊಟ್ಟು, ಆಫೀಸಿನಲ್ಲಿ ತೋರಿಸಿ ಎಂದರು. ಶನಿವಾರ ಗುಬ್ಬಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದವಳು ಸೀದಾ ಪ್ಲಾನು ಪಾಸು ಮಾಡುವ ಆಫೀಸಿಗೆ ಹೋದೆ. ಅಲ್ಲಿನ ಇಂಜಿನಿಯರ್ ಕೂರಿಸಿ, ಟೀ ತರಿಸಿ, ಕೇಳಿದರು. ಬಾವಿಗೂ ಪಿಟ್ಟಿಗೂ ಅಂತರ ಇರಲೇಬೇಕು, ನೀರು ಕೆಡಬಾರದೆಂದೇ ಆ ರೂಲು ಮಾಡಿರುವುದು ಎಂದು ಅವರೇ ನನಗೆ ಹೇಳಿದರು. ನಮ್ಮ ಹಾಳೆ ನೋಡಿದರು, ಅಂತರ ಸರಿಯಾಗಿದೆ. ಪಕ್ಕದವರ ಹಾಳೆ ನೋಡಿದರು, ಅದೂ ಸರಿಯಾಗಿದೆ. ನಾನು ಎರಡು ಹಾಳೆಯನ್ನೂ ಅಂಚಿಗೆ ಅಂಚು ಸೇರಿಸಿ ಅವರ ಮೇಜಿನ ಮೇಲೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು.

"ನೀವು ಹೇಳೋದು ಸರಿನೇ ಮೇಡಂ. ಆದ್ರೆ ನಾವು ಒಂದ್ಸಲಕ್ಕೆ ಒಂದೇ ಸೈಟು ನೋಡೋದು" ಎಂದರು.

ಹಾಗಾದರೆ ಎರಡನ್ನೂ ಸೇರಿಸಿ ನೋಡುವವರು ಯಾರು ಎಂದು ಕೇಳಿದೆ. ಅವರು ಗೋಡೆಯ ಮೇಲಿದ್ದ ಊರಿನ ದೊಡ್ಡ ನಕ್ಷೆ ತೋರಿಸಿದರು. ಅದರಲ್ಲಿ ನಮ್ಮ ಕೆರೆ ನೀಲಿಯಾಗಿ, ಸುತ್ತ ಹಸಿರಾಗಿ, ಮಕ್ಕಳು ಬಣ್ಣ ತುಂಬಿದ ಹಾಗೆ ಚೆಂದವಾಗಿತ್ತು. ಆದರೆ ಅಲ್ಲಿ ಬಾವಿಯೂ ಇರಲಿಲ್ಲ, ಪಿಟ್ಟೂ ಇರಲಿಲ್ಲ. ಯುಜಿಡಿ, ಅಂದರೆ ಒಳಚರಂಡಿ, ಬರುತ್ತದೆ, ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದರು. ನಾನು ಏಳುವಷ್ಟರಲ್ಲಿ ಎರಡು ಹಾಳೆಗಳನ್ನೂ ಬೇರೆಬೇರೆಯಾಗಿ ಮಡಚಿ ಕೊಟ್ಟರು. ಸೋಮವಾರ ಕ್ಲಾಸಿನಲ್ಲಿ ಬಾವಿ ಮತ್ತು ಪಾಯಖಾನೆ ದೂರ ದೂರ ಇರಬೇಕು ಎಂಬ ಪಾಠವನ್ನೇ ಮಾಡಿದೆ. ಮಕ್ಕಳು ಒಕ್ಕೊರಲಿನಿಂದ ಸರಿಯುತ್ತರ ಹೇಳಿದರು.

ಪೂರ್ವದ ಮನೆಯವರ ಮುಂದೆ ಗಂಟಲು ಕಟ್ಟುವವರೆಗೆ ವಾದ ಮಾಡಿದೆ. ಅವರಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಪಿಟ್ಟನ್ನು ಸ್ಥಳಾಂತರ ಮಾಡುವುದೆಂದರೆ ಹಿಂದುಗಡೆಯ ನೈರುತ್ಯದ ಮೂಲೆಗೇ ಒಯ್ಯಬೇಕು, ಆಗ್ನೇಯದ ಬೆನ್ನಿಗೆ ಹಿಂದಿನ ಸಾಲಿನವರ ಬಾವಿ, ಹಾಗಾಗಿ ಯಾರ ಬಾವಿಯೂ ಹತ್ತಿರವಿಲ್ಲದ ಜಾಗ ಪ್ರತಿ ಸೈಟಿನಲ್ಲೂ ಅದೊಂದೇ. ನೈರುತ್ಯ ಯಜಮಾನನ ಮೂಲೆ. ಅಲ್ಲಿ ಗುಂಡಿ ತೋಡಿದರೆ ಯಜಮಾನನಿಗೇ ಕೇಡು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರು ತಲೆ ತಗ್ಗಿಸಿಕೊಂಡು, "ಮೊದ್ಲು ನೀವು ತೆಗೀರಿ ಮೇಡಂ. ನಿಮಗೇನೂ ಆಗ್ಲಿಲ್ಲ ಅಂದ್ರೆ ನಾನೂ ತೆಗೀತೀನಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಾತು ಮಾತ್ರ ನ್ಯಾಯವಾಗಿಯೇ ಇತ್ತು.

ನನ್ನ ಗಂಡ ನೀನುಂಟು, ನಿಮ್ಮತ್ತೆ ಉಂಟು ಎಂದು ಕೈ ತೊಳೆದುಕೊಂಡರು. ಮಡಿ, ಶಾಸ್ತ್ರ, ಮೂಲೆ ಎಂದು ಒಂದಿಂಚೂ ಬಿಡದವರು ಅತ್ತೆ. ಅವರ ಹತ್ತಿರ ಹೇಳುವುದಕ್ಕೇ ನಾನು ತುಂಬ ದಿನ ಹಿಂದೆಮುಂದೆ ನೋಡಿದೆ. ಕೊನೆಗೊಂದು ಸಾಯಂಕಾಲ ಅವರೆಕಾಯಿ ಸುಲಿಯುತ್ತಾ ಎಲ್ಲ ಹೇಳಿಬಿಟ್ಟೆ. ಅವರು ಸುಲಿಯುವುದನ್ನು ನಿಲ್ಲಿಸದೆ ಕೇಳಿದರು. ಪಶ್ಚಿಮದ ಮನೆಯಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇದ್ದರು. ಆತನಿಗೆ ಶಿರಾ ಗೇಟಿನಲ್ಲಿ ಟೈರಿನ ಅಂಗಡಿ, ಆಕೆಗೆ ಆಗ ದಿನ ತುಂಬುತ್ತಿತ್ತು.

"ಪಕ್ಕದ್ಮನೆ ಹುಡ್ಗಿ ಬಸುರಿ ಕಣೆ. ನಮ್ಮನೆ ಹೊಲ್ಸು ಅವಳ ಬಾವಿಗೆ ಹೋಯ್ತದೆ ಅಂತೀಯ. ತೆಗ್ಸು" ಎಂದರು ಅತ್ತೆ.

ತೆಗೆಸಿದೆವು. ಹಳೆಯ ಪಿಟ್ಟನ್ನು ಬಳಿದು ಸುಣ್ಣ ಸುರಿದು ಮಣ್ಣು ತುಂಬಿಸಿ, ನೈರುತ್ಯದಲ್ಲಿ ಹೊಸದು ತೋಡಿಸಿದೆವು. ಪುರೋಹಿತರು ನಮ್ಮ ಮನೆಯ ಕಡೆ ತಲೆ ಹಾಕುವುದನ್ನು ಬಿಟ್ಟರು. ಅದಾಗಿ ಸ್ವಲ್ಪ ಕಾಲಕ್ಕೆ ಶಿರಾ ಗೇಟಿನ ಹತ್ತಿರ ಒಂದು ಬಸ್ಸು ನನ್ನ ಗಂಡನ ಸ್ಕೂಟರಿಗೆ ಗುದ್ದಿತು. ಕಾಲು ಮುರಿಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಬೀದಿಗೆ ಅಷ್ಟು ಸಾಕಾಗಿತ್ತು. ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದವರ ಕಣ್ಣಲ್ಲೆಲ್ಲ ನಾನು ಆ ಮೂಲೆಯನ್ನೇ ಕಾಣುತ್ತಿದ್ದೆ. ಪೂರ್ವದ ಮನೆಯವರು ಬಂದು ಮಂಚದ ಪಕ್ಕ ನಿಂತು ಅತ್ತರು. ಅವರ ಪಿಟ್ಟು ಇನ್ನು ಕದಲುವುದಿಲ್ಲ. ನನ್ನ ಬಾವಿಯ ಕತೆ ಅಲ್ಲಿಗೆ ಮುಗಿಯಿತೆಂದು ಇಬ್ಬರಿಗೂ ಗೊತ್ತಾಯಿತು.

ಯಾರೋ ಒಬ್ಬಾಕೆ ಅತ್ತೆಯ ಎದುರಿಗೇ ಪಿಟ್ಟಿನ ಮಾತು ತೆಗೆದಳು. "ಬಸ್ಸು ಗುದ್ದಿದ್ಕೆ ಗುಂಡಿ ಏನ್ ಮಾಡ್ತದೆ? ಬುಡು" ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದರು. ಆದರೆ ಅವತ್ತಿನಿಂದ ದಿನಾ ಸಂಜೆ ಹಿತ್ತಲ ಮೂಲೆಯಲ್ಲಿ ಒಂದು ಹಣತೆ ಹಚ್ಚಿಡಲು ಶುರುಮಾಡಿದರು. ನಾನು ನೋಡಿದರೂ ನೋಡದವಳ ಹಾಗೆ ಇದ್ದೆ.

ಎರಡು ಮೂರು ಮಳೆಗಾಲ ಹೋದ ಮೇಲೆ ಎರಡು ಬಾಟಲಿ ತಂದು ನಮ್ಮ ಬಾವಿಯದೊಂದು, ಪಶ್ಚಿಮದ ಮನೆಯದೊಂದು ತುಂಬಿಟ್ಟೆ. ನಮ್ಮದು ಕಪ್ಪಾಯಿತು. ಅವರದು ಹೇಗಿತ್ತೋ ಹಾಗೇ ಉಳಿಯಿತು. ಬೀದಿಯಲ್ಲಿ ಚೆನ್ನಾಗಿದ್ದ ಬಾವಿ ಅದೊಂದೇ, ಯಾಕೆಂದರೆ ಪಿಟ್ಟು ತೆಗೆಸಿದ ಪುಣ್ಯಾತ್ಮರು ನಾವೊಬ್ಬರೇ. ಆ ಮನೆಯ ಹೆಂಗಸು ಒಳ್ಳೆಯವಳು. ದಿನಾ ಬೆಳಿಗ್ಗೆ ನೀರು ಸೇದಿ ಕಾಂಪೌಂಡಿನ ಮೇಲಿಂದ ಬಿಂದಿಗೆ ಕೊಡುತ್ತಿದ್ದಳು. ಈ ಕಡೆ ನಮ್ಮ ಹಳೆಯ ಪಿಟ್ಟು ಮುಚ್ಚಿದ ಜಾಗದಲ್ಲಿ ಒಂದು ಚಪ್ಪಡಿ ಹಾಕಿಸಿದ್ದೆವು, ಅತ್ತೆ ಅದರ ಮೇಲೆ ನಿಂತು ಇಸಿದುಕೊಳ್ಳುತ್ತಿದ್ದರು. ನಿಂತಲ್ಲೇ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನೋಡಿ ನುಂಗಿ ಒಳಗೆ ಬರುತ್ತಿದ್ದರು. ನನ್ನ ಬಾವಿ ಹಾಳಾದರೂ ಇಷ್ಟಾದರೂ ಆಯಿತಲ್ಲ ಎಂದು ನಾನು ಅಂದುಕೊಳ್ಳುತ್ತಿದ್ದೆ. ಹೀಗೆ ಅಂದುಕೊಂಡೇ ಎಷ್ಟೋ ವರ್ಷ ಹೋಯಿತು.

ಬರುತ್ತದೆ ಬರುತ್ತದೆ ಎನ್ನುತ್ತಿದ್ದ ಯುಜಿಡಿ ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದೇ ಬಂತು. ಬೀದಿ ಅಗೆದು ಪೈಪು ಹಾಕಿ, ಎಲ್ಲರ ಮನೆಯಿಂದಲೂ ಸಂಪರ್ಕ ಕೊಟ್ಟರು. ಪೂರ್ವದವರ ಪಿಟ್ಟು, ನಮ್ಮ ನೈರುತ್ಯದ ಪಿಟ್ಟು ಎಲ್ಲ ಮುಚ್ಚಿಹೋದವು, ಆದರೂ ನಮ್ಮ ಬಾವಿ ತಿಳಿಯಾಗುವುದಕ್ಕೆ ಇನ್ನೂ ಎರಡು ಮೂರು ಮಳೆಗಾಲ ಬೇಕಿತ್ತು. ಈ ಪೈಪು ಎಲ್ಲಿಗೆ ಹೋಗುತ್ತದಪ್ಪ ಎಂದು ಕೆಲಸದವರನ್ನು ಕೇಳಿದೆ. ಇಳಿಜಾರಿನ ಕಡೆ ಕೈ ತೋರಿಸಿದರು. ಸದ್ಯಕ್ಕೆ ಕೆರೆಗೆ, ಮುಂದೆ ಶುದ್ಧೀಕರಣ ಘಟಕ ಆಗುತ್ತದಂತೆ ಎಂದರು. ನಮ್ಮ ಬಾವಿಗಳಿಗೆ ನೀರು ಬರುತ್ತಿದ್ದುದೇ ಆ ಕೆರೆಯಿಂದ. ನಾನು ನಕ್ಕೆ. ಅಳುವುದಕ್ಕಿಂತ ಅದೇ ಸುಲಭವಾಗಿತ್ತು.

ನಲ್ಲಿಯೂ ಬಂತು, ಮನಸ್ಸು ಬಂದ ದಿನ, ಮನಸ್ಸು ಬಂದ ಬಣ್ಣದಲ್ಲಿ. ಅದೇ ಹೊತ್ತಿಗೆ ಪಶ್ಚಿಮದ ಮನೆಯಾತ ಕಾರು ತೆಗೆದುಕೊಂಡ. ಒಂದು ಭಾನುವಾರ ಬಂದು ಬಾಗಿಲಲ್ಲೇ ನಿಂತು, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಯುಜಿಡಿ ಬಂತು, ನಲ್ಲಿ ಬಂತು, ಇನ್ನು ಬಾವಿ ಯಾತಕ್ಕೆ? ಕಾರ್ ನಿಲ್ಸಕ್ಕೆ ಜಾಗ ಇಲ್ಲ" ಎಂದ. ದೇವಮೂಲೆಯ ಬಾವಿ ಮುಚ್ಚಬಹುದೇ ಎಂದು ಕೇಳಿದೆ, ನನ್ನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ಪುರೋಹಿತರನ್ನು ಕೇಳಿದ್ದಾನಂತೆ, ಗಂಗಮ್ಮನ ಪೂಜೆ ಮಾಡಿ, ಉಸಿರಾಡುವುದಕ್ಕೆ ಒಂದು ಪೈಪು ನಿಲ್ಲಿಸಿ ಮುಚ್ಚಿದರೆ ದೋಷವಿಲ್ಲವಂತೆ. ಪೂಜೆಗೆ ಕರೆಯಲಿಕ್ಕೇ ಅವನು ಬಂದದ್ದು.

ಹೋದೆ. ಹೂವು, ಅರಿಶಿನ ಕುಂಕುಮ, ಬಾಳೆಹಣ್ಣು. ಹಿಂದಿನ ದಿನ ಆ ನೀರನ್ನು ಬಾಟಲಿಗೆ ತುಂಬಿಟ್ಟಿದ್ದೆ, ಅದು ಅವತ್ತೂ ತಿಳಿಯಾಗಿಯೇ ಇತ್ತು. ಕೆರೆಗೆ ಹೋಗುತ್ತಿದ್ದ ಹೊಲಸಿಗೆ ಇನ್ನೊಂದೆರಡು ವರ್ಷದಲ್ಲಿ ಅದೂ ಕೆಡುತ್ತಿತ್ತು ಅನ್ನಿ. ಆದರೆ ಅವತ್ತು ಕೆಟ್ಟಿರಲಿಲ್ಲ. ಕಾಯಿ ಒಡೆದರು, ಮಂಗಳಾರತಿಯಾಯಿತು, ಟ್ರ್ಯಾಕ್ಟರು ಹಿಂದಕ್ಕೆ ಬಂದು ಮಣ್ಣು ಸುರಿಯಿತು. ಯಾರನ್ನು ಬೈಯಲಿ? ನಾನು ಪ್ರಸಾದ ತೆಗೆದುಕೊಂಡು ಮನೆಗೆ ಬಂದೆ.

ಅತ್ತೆ ಆಗ ಮಂಚ ಹಿಡಿದಿದ್ದರು, ಹಿಂದಿನ ಕೋಣೆಯಲ್ಲಿ. ಮುಂದುಗಡೆ ಏನಾಗುತ್ತಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಮಣ್ಣು ಬೀಳುವ ಸದ್ದು ಕೇಳಿ ಅದೇನೆಂದು ವಿಚಾರಿಸಿದರು. ಪಕ್ಕದವರು ಕಾರಿಗೆ ಜಾಗ ಮಾಡುತ್ತಿದ್ದಾರೆ ಎಂದೆ. ಮಾರನೆಯ ದಿನ ಅಂಗಡಿಯಿಂದ ಕ್ಯಾನಿನ ನೀರು ತರಿಸಿ, ಅವರ ಹಿತ್ತಾಳೆ ಲೋಟಕ್ಕೆ ಬಗ್ಗಿಸಿ, ತಲೆ ಎತ್ತಿ ಹಿಡಿದು ಕುಡಿಸಿದೆ. ಅವರು ಮೊದಲ ಗುಟುಕನ್ನು ಬಾಯಲ್ಲಿ ಇಟ್ಟುಕೊಂಡರು. ಎಷ್ಟು ಹೊತ್ತಾದರೂ ನುಂಗಲಿಲ್ಲ. ನಾನು ಗೋಡೆ ನೋಡುತ್ತಾ ಕೂತೆ.

ಕೊನೆಗೆ ನುಂಗಿ, "ಮುಚ್ಚುದ್ರಾ?" ಎಂದರು.

"ಹೂಂ ಅತ್ತೆ" ಎಂದೆ.

ಲೋಟದಲ್ಲಿ ಉಳಿದದ್ದನ್ನೂ ಕುಡಿಸು ಎಂಬಂತೆ ಬಾಯಿ ತೆರೆದರು. ಆಮೇಲೆ ಅವರು ಇನ್ನೂ ಕೆಲವು ತಿಂಗಳು ಇದ್ದರು, ನೀರು ಕುಡಿಸುತ್ತಿದ್ದವಳು ನಾನೇ. ಅದನ್ನು ಮತ್ತೆ ಯಾವತ್ತೂ ಅವರು ಬಾಯಲ್ಲಿ ಇಟ್ಟುಕೊಳ್ಳಲಿಲ್ಲ. ಕೊಟ್ಟದ್ದನ್ನು ಮಾತ್ರೆ ನುಂಗಿದ ಹಾಗೆ ನುಂಗಿಬಿಡುತ್ತಿದ್ದರು.