ಎರಡು ಬೆರಳ ಮಡಿಕೆ

ಕುಷ್ಟಗಿಯ ನಮ್ಮ ಓಣಿಯ ದರ್ಜಿ ಮಕ್ಕಳ ಅಂಗಿಯ ಅಂಚಿನಲ್ಲಿ ಎರಡು ಬೆರಳಷ್ಟು ಬಟ್ಟೆಯನ್ನು ಒಳಗೆ ಮಡಿಚಿಯೇ ಹೊಲಿಯುತ್ತಿದ್ದರು. ಯಾಕೆಂದು ಕೇಳಿದರೆ ಕನ್ನಡಕದ ಮೇಲಿಂದ ನೋಡಿ, "ಬೆಳಿಯೋ ಮೈ ಐತ್ರಿ, ಬಟ್ಟಿ ಬಿಟ್ಟಿರಬೇಕು" ಎನ್ನುವರು. ಎಲ್ಲರಿಗೂ ಅದೇ ಉತ್ತರ.

ಸ್ವಾತಂತ್ರ್ಯದ ಸುದ್ದಿ ಬಂದದ್ದು ಹೊಳೆಯಾಚೆಯಿಂದ. ಈಚೆ ನಾವಿನ್ನೂ ನಿಜಾಮರ ಪ್ರಜೆಗಳು. ತನ್ನದು ಯಾರ ಅಧೀನಕ್ಕೂ ಒಳಪಡದ ಬೇರೆ ದೇಶವೆಂದು ಸರ್ಕಾರ ಸಾರಿತ್ತು. ಕಚೇರಿಯ ಮೇಲೆ ಹಾರುತ್ತಿದ್ದ ಹಳದಿ ಬಾವುಟವನ್ನು ಹೊಲಿದವರೂ ಈ ದರ್ಜಿಯೇ. ತ್ರಿವರ್ಣ ಸಿಕ್ಕಿಬಿದ್ದರೆ ಜೈಲು. ಆದರೂ ಒಂದು ಮಧ್ಯಾಹ್ನ ನಾನು ಮೂರು ಬಣ್ಣದ ಖಾದಿ ತುಂಡುಗಳನ್ನು ಅವರ ಮುಂದಿಟ್ಟೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಮಷೀನಿಗೆ ಕೂತರು.

ಹೊಲಿದ ಧ್ವಜವನ್ನು ಬಿಚ್ಚಿ ನೋಡುತ್ತೇನೆ, ಸುತ್ತಲೂ ಎರಡು ಬೆರಳ ಮಡಿಕೆ! ಪಟ್ಟಿಗಳ ಅಳತೆಯೇ ಕೆಟ್ಟಿತ್ತು.

"ಇದೇನ್ರಿ ಮಾವ, ಬಾವುಟ ಬೆಳಿತೈತೇನು?" ಎಂದು ರೇಗಿದೆ.

ಅವರು ನಾಲಿಗೆ ಕಚ್ಚಿಕೊಂಡರು. "ಕೈ ರೂಢಿ, ತಮ್ಮಾ." ಆಮೇಲೆ ಆ ಮಡಿಕೆಯನ್ನು ಸವರುತ್ತ, "ಹಂಗ ಇರ್ಲಿ ಬಿಡು. ನಾವಿನ್ನೂ ಇದರಾಗ ಸೇರೋದೈತಲ್ಲ" ಎಂದರು.

ಧ್ವಜ ವರ್ಷವಿಡೀ ನಮ್ಮ ಜೋಳದ ಗಡಿಗೆಯಲ್ಲಿ ಕೂತಿತ್ತು.

ಕೊನೆಗೆ ನಿಜಾಮರು ಭಾರತಕ್ಕೆ ಶರಣಾಗಿ ಹಳದಿ ಬಾವುಟ ಇಳಿದ ಬೆಳಿಗ್ಗೆ ಕಚೇರಿ ಮುಂದೆ ಊರೇ ನೆರೆದಿತ್ತು. ನಾನು ಧ್ವಜವನ್ನು ಹಗ್ಗಕ್ಕೆ ಕಟ್ಟಬೇಕು, ಅಷ್ಟರಲ್ಲಿ "ತಡೀರಿ, ತಡೀರಿ" ಎನ್ನುತ್ತ ಮಾವ ಕತ್ತರಿ ಹಿಡಿದು ಓಡಿಬಂದರು. ಕಟ್ಟೆಯ ಮೇಲೆ ಕೂತು, ಅಂಚಿನ ಹೊಲಿಗೆಯನ್ನೆಲ್ಲ ನಿಧಾನವಾಗಿ ಬಿಚ್ಚಿ, ಮಡಿಕೆಯನ್ನು ಅಂಗೈಯಿಂದ ತಿಕ್ಕಿ ನೇರಮಾಡಿದರು.

"ಈಗ ಏರಿಸ್ರಿ."